‘ರುದ್ರಭೂಮಿ’ಯ ಮೊದಲ ಕ್ಯಾಸೆಟ್

ಸಿಂಧನೂರು
14 ಜೂನ್ 1987

ಪ್ರಿಯ ಏಕಾಂತ,

ಕಾಲುವೆ ಕಚೇರಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿದೆ. ಮೂರು ಕಾಲು ನೆಟ್ಟಗಿವೆ, ನಾಲ್ಕನೆಯದರ ಕೆಳಗೆ ಹಳೆಯ ಸುತ್ತೋಲೆಗಳ ಕಟ್ಟು ಇಟ್ಟಿದ್ದಾರೆ. ಅಪ್ಪ ಎಷ್ಟೋ ಜನರ ಮನೆ ಬಾಗಿಲು ತಟ್ಟಿ ಕೊಡಿಸಿದ ನೌಕರಿ, ಹಾಗಾಗಿ ಅಲುಗಾಡದೆ ಕೂತಿದ್ದೇನೆ. ಇಲ್ಲಿ ಬೆಳಗಿನ ಎಂಟಕ್ಕೇ ಗೋಡೆ ಮುಟ್ಟಲಾಗುವುದಿಲ್ಲ. ಗಿಟಾರನ್ನು ನೋಡಿ ಮನೆಯ ಮಾಲೀಕರು ‘ಇದು ಯಾವ ದೇವರ ಮುಂದೆ ಬಾರಿಸೋದ್ರೀ’ ಎಂದು ಕೇಳಿದರು.

ನಮ್ಮ ‘ರುದ್ರಭೂಮಿ’ ತಂಡದ ಕ್ಯಾಸೆಟ್ಟಿನದೇ ಚಿಂತೆ. ಲಗ್ಗೆರೆಯಲ್ಲಿ ಮುನಿಯಣ್ಣನ ತಗಡಿನ ಶೆಡ್ಡಿನಲ್ಲಿ ಬೆವರು ಸುರಿಸಿ ಕಲಿತದ್ದನ್ನು ಎರಡೇ ದಿನದಲ್ಲಿ ರೆಕಾರ್ಡ್ ಮಾಡಿ ಬಂದೆವು. ಮುನಿಯಣ್ಣನ ಡ್ರಮ್ಮು ಕೆಲವು ಕಡೆ ತಮಟೆಯ ಹಾಗೆ ಕೇಳುತ್ತದೆ. ಅದನ್ನು ತಿದ್ದಲು ಬಿಡಬೇಡ, ಅದೇ ಚೆನ್ನಾಗಿರುವುದು. ನಾನು ಬರೆದ ಏಳು ಹಾಡುಗಳಲ್ಲಿ ಐದು, ಫೆಬ್ರವರಿಯಲ್ಲಿ ಅವ್ವ ಹೋದ ಮೇಲೆ ಬಂದವು. ಇನ್ನು ಅಂಥವು ನನಗೆ ಬರುತ್ತವೆ ಅನ್ನಿಸುವುದಿಲ್ಲ.

ಈಗ ಉಳಿದಿರುವುದು ಕವರ್ ಒಂದೇ. ಕೃಷ್ಣಪ್ಪನವರು ಕ್ಯಾಸೆಟ್ ಮಾಡಿಸಿ ಮಾರುವವರು, ಅವರ ಕೈಗೆ ಬಿಟ್ಟರೆ ತಲೆಬುರುಡೆ, ಬಾವಲಿ, ಕೋರೆಹಲ್ಲು ಎಲ್ಲ ಬರೆಸುತ್ತಾರೆ. ಬಿಡಬೇಡ. ನಾವು ಕೇಳಿ ಕೇಳಿ ಸವೆಸಿದ ಆ ಗಾಥಿಕ್ ರಾಕ್‌ನ ಹುಡುಗರು ಇಂಗ್ಲೆಂಡಿನಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡು ಚರ್ಚಿನ ಗೋರಿಗಳ ನಡುವೆ ನಿಂತರೆ ಅದು ಅವರ ಊರಿನ ಸಾವು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿಯೊಳಗೆ ಗೂಡು ಕೊರೆದು ಅದರಲ್ಲಿ ಕೂರಿಸುತ್ತಾರೆ. ಆಲ್ಬಮ್ಮಿಗೆ ‘ಗೂಡು’ ಎಂದು ಹೆಸರಿಟ್ಟು ಮೇಲೆ ಶವಪೆಟ್ಟಿಗೆಯ ಚಿತ್ರ ಹಾಕಿದರೆ ನಗೆಪಾಟಲು. ನಿಜವಾದದ್ದು ಏನಾದರೂ ಇರಲಿ. ಇಷ್ಟು ದಿನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದ ಕಣ್ಣು ನಿನ್ನದು, ನನ್ನನ್ನು ಕೇಳಬೇಕಿಲ್ಲ.

ನನ್ನ ಹೆಸರು ಮಾತ್ರ ಸದ್ಯಕ್ಕೆ ಎಲ್ಲೂ ಬೇಡ. ಪ್ರೊಬೇಷನ್ ಮುಗಿಯಲಿ. ಅಪ್ಪನಿಗೂ ನಾನು ಯಾವುದೋ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ ಎಂದಷ್ಟೇ ಗೊತ್ತು.

ಅವ್ವನ ಮಣ್ಣಿನ ದಿನ ನೀನು ತೆಗೆದ ಫೋಟೋಗಳನ್ನು ನಾನು ನೋಡಿಲ್ಲ. ಅಪ್ಪನೂ ಕೇಳಿಲ್ಲ. ನೋಡುವ ಧೈರ್ಯ ಬರುವ ತನಕ ನಿನ್ನ ಹತ್ತಿರವೇ ಇರಲಿ.

ನಿನ್ನ
ಕರಿ

ರಾಜಾಜಿನಗರ
6 ಸೆಪ್ಟೆಂಬರ್ 1987

ಮಗಾ ಕರಿ,

ಮೂರು ತಿಂಗಳು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಆದರೆ ಹೋದ ಭಾನುವಾರದ ಸುದ್ದಿ ಕೇಳಿದ ಮೇಲೆ ಬೈಗುಳ ವಾಪಸ್ ತಗೊಳ್ತೀಯ.

ಬಸವೇಶ್ವರನಗರದ ಒಂದು ಗಣೇಶನ ಪೆಂಡಾಲಿನಲ್ಲಿ ನಮಗೆ ಅರ್ಧ ಗಂಟೆ ಕೊಟ್ಟಿದ್ದರು. ಆರ್ಕೆಸ್ಟ್ರಾ ಎಂದು ತಿಳಿದು ಕೊಟ್ಟದ್ದು. ನಿನ್ನ ಜಾಗಕ್ಕೆ ಮುನಿಯಣ್ಣನ ಫ್ಯಾಕ್ಟರಿಯ ಒಬ್ಬನನ್ನು ಹಾಕಿಕೊಂಡೆವು, ಬೆರಳು ಪರವಾಗಿಲ್ಲ, ತಲೆಯಿಲ್ಲ. ನಿನ್ನ ಕಾಗದ ಓದಿದ ಮೇಲೆ ನನಗೆ ಒಂದೇ ಯೋಚನೆಯಾಗಿತ್ತು. ಬಿದಿರಿನಲ್ಲಿ ಒಂದು ಕುರ್ಚಿ ಕಟ್ಟಿಸಿದೆ. ನಮ್ಮವರನ್ನು ಕೂರಿಸಿ ಹೊರುತ್ತಾರಲ್ಲ, ಅಂಥದ್ದೇ. ಮೈಯೆಲ್ಲ ವಿಭೂತಿ, ಕಣ್ಣ ಸುತ್ತ ಕಾಡಿಗೆ, ನಿನ್ನ ತಂಗಿ ಬಸವರಾಜೇಶ್ವರಿ ಹೊಲಿದುಕೊಟ್ಟ ಕಪ್ಪು ನಿಲುವಂಗಿ, ಕೊರಳಿಗೆ ಚೆಂಡುಹೂವಿನ ಹಾರ. ಪೆಂಡಾಲಿನ ಹಿಂದಿನಿಂದ ನಾಲ್ಕು ಜನ ನನ್ನನ್ನು ಹೊತ್ತು ತಂದರು. ಮುನಿಯಣ್ಣ ಒಂದೇ ಏಟು, ನಿಧಾನಕ್ಕೆ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಜನ ಮಾತು ನಿಲ್ಲಿಸಿದ್ದು ಕಿವಿಗೆ ಗೊತ್ತಾಯಿತು.

ಕಣ್ಣು ಬಿಟ್ಟು ಮೊದಲ ಸಾಲು ಹಾಡಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತು ಕೈಮುಗಿದಳು. ನಾಟಕ ಅಲ್ಲ, ನಿಜವಾಗಿ ಕೈಮುಗಿದಳು. ಮೂರನೆಯ ಹಾಡಿಗೆ ಸಮಿತಿಯ ಕಾರ್ಯದರ್ಶಿ ಓಡಿಬಂದು, ‘ಏನ್ರೀ ಇದು, ಗಣೇಶನ್ ಮುಂದೆ ಹೆಣ ತಂದಿದೀರಾ? ಇಳಿಸ್ರೀ ಮೊದ್ಲು’ ಎಂದು ಮೈಕು ತೆಗೆಸಿದರು. ವಿಜಯನಗರದಿಂದ ಬಂದಿದ್ದ ಹುಡುಗರ ಗುಂಪೊಂದು ಬಸ್ ಸ್ಟಾಪಿನವರೆಗೂ ನಮ್ಮ ಹಿಂದೆಯೇ ಬಂತು. ‘ಗುರು, ಕ್ಯಾಸೆಟ್ ಯಾವಾಗ?’ ಒಂದೇ ಪ್ರಶ್ನೆ.

ಕವರ್ ಕೆಲಸ ನಡೆದಿದೆ. ಡಾರ್ಕ್‌ರೂಮಿನಲ್ಲಿ ನಾನೇ ಮಾಡುತ್ತಿದ್ದೇನೆ. ಈಗ ಏನೂ ಹೇಳುವುದಿಲ್ಲ. ನೋಡಿದಾಗ ನಿನಗೆ ಮಾತು ಹೊರಡುವುದಿಲ್ಲ, ಅಷ್ಟು ಗೊತ್ತು.

ಏಕಾಂತ

ಸಿಂಧನೂರು
20 ಸೆಪ್ಟೆಂಬರ್ 1987

ಏಕಾಂತ,

ನಿನ್ನ ಕಾಗದವನ್ನು ಕಚೇರಿಯಲ್ಲೇ ಮೂರು ಸಲ ಓದಿದೆ. ಹೆಡ್ ಕ್ಲರ್ಕು ‘ಮನೇಲಿ ಮದುವೆ ಗೊತ್ತಾಯ್ತಾ’ ಎಂದು ಕೇಳಿದರು.

ಆ ಬಿದಿರಿನ ಕುರ್ಚಿ! ಇದು ನನಗೆ ಹೊಳೆಯಬೇಕಿತ್ತು, ನಿನಗೆ ಹೊಳೆಯಿತು. ಹೊಟ್ಟೆಕಿಚ್ಚಾಗುತ್ತಿದೆ. ಮುದುಕಿ ಕೈಮುಗಿದಳು ಎಂದೆಯಲ್ಲ, ನಮಗೆ ಬೇಕಿದ್ದದ್ದು ಅದೇ. ಹೆದರಿಸುವುದು ಯಾರಿಗೂ ಬರುತ್ತದೆ.

ಕವರ್ ಏನೆಂದು ಊಹಿಸಿದ್ದೇನೆ. ನೀನು ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುವ ಫೋಟೋ, ಸುತ್ತ ಕಪ್ಪು. ಸರಿಯಾ? ಹೌದಾದರೆ ಯಾವ ಸಂಕೋಚವೂ ಬೇಡ, ಹಾಕಿಬಿಡು. ಯಾರಾದರೂ ಮಡಿವಂತರು ಕೂಗಾಡಿದರೆ ಕೂಗಾಡಲಿ. ಸಾವು ಅವರೊಬ್ಬರ ಆಸ್ತಿಯಲ್ಲ.

ಕರಿ

ರಾಜಾಜಿನಗರ
11 ನವೆಂಬರ್ 1987

ಕರಿ,

‘ಗೂಡು’ ಹೊರಬಂತು. ಕೃಷ್ಣಪ್ಪನವರು ಮೊದಲ ಸಲ ಹಾಕಿಸಿದ್ದು ಹದಿನೈದು ದಿನಕ್ಕೆ ಮುಗಿದಿದೆ. ಕೆಂಗೇರಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಟೀ ಅಂಗಡಿಯವನು ದಿನವಿಡೀ ಅದನ್ನೇ ಹಾಕುತ್ತಾನಂತೆ. ಇಂಗ್ಲಿಷ್ ಪತ್ರಿಕೆಯ ಹುಡುಗಿಯೊಬ್ಬಳು ಶೆಡ್ಡಿಗೆ ಬಂದು ಮುನಿಯಣ್ಣನನ್ನು ‘ನಿಮ್ಮ ಮೇಲೆ ಯಾರ ಪ್ರಭಾವ’ ಎಂದು ಕೇಳಿದಳು. ಅವನು ‘ನಮ್ ಸೋದರಮಾವಂದು ಮೇಡಂ, ತಮಟೆ ಬಾರಿಸ್ತಿದ್ರು’ ಎಂದ. ಅದನ್ನೇ ಬರೆದುಕೊಂಡು ಹೋದಳು.

ನಿನಗೆ ಪ್ರತಿ ಕಳಿಸಬೇಕೆಂದು ತೆಗೆದಿಟ್ಟಿದ್ದೆ, ಯಾರೋ ಎತ್ತಿಕೊಂಡು ಹೋಗಿದ್ದಾರೆ. ಮತ್ತೆ ಬಂದಾಗ ಕಳಿಸುತ್ತೇನೆ. ಅವಸರವೇನಿಲ್ಲ. ಸದ್ಯಕ್ಕೆ ರಜ ಹಾಕಿ ಬರುವುದು ಬೇಡ, ಪ್ರೊಬೇಷನ್ ಇದೆಯಲ್ಲ. ಮನೆಯಿಂದ ಕಾಗದ ಬರುತ್ತಿದೆಯಾ? ಅಪ್ಪ ಹೇಗಿದ್ದಾರೆ?

ಏಕಾಂತ

ಸಿಂಧನೂರು
3 ಡಿಸೆಂಬರ್ 1987

ಏಕಾಂತಯ್ಯ,

ಅಪ್ಪ ಹೇಗಿದ್ದಾರೆ ಎಂದು ಕೇಳಿದ್ದೆಯಲ್ಲ. ಹೇಳುತ್ತೇನೆ. ಬಸವರಾಜೇಶ್ವರಿ ಬರೆದಿದ್ದಾಳೆ.

ಅಪ್ಪ ವಚನಗಳ ಕ್ಯಾಸೆಟ್ ತರಲು ನವರಂಗ್ ಹತ್ತಿರದ ಅಂಗಡಿಗೆ ಹೋಗಿದ್ದರು. ಗಾಜಿನ ಹಿಂದೆ ಹನ್ನೆರಡು ‘ಗೂಡು’ ಸಾಲಾಗಿ ನಿಂತಿದ್ದವಂತೆ. ಬಹಳ ಹೊತ್ತು ನೋಡಿದರಂತೆ. ಅಂಗಡಿಯವನು ‘ಹುಡುಗ್ರು ಕೇಳೋದು ಸಾರ್, ನಿಮಗಲ್ಲ’ ಎಂದನಂತೆ. ಒಂದನ್ನು ತಂದು ಮೇಜಿನ ಮೇಲಿಟ್ಟು, ಊಟ ಮಾಡದೆ ಮಲಗಿದರು. ಬೆಳಿಗ್ಗೆ ಅವಳನ್ನು ಕರೆದು, ‘ನೋಡವ್ವಾ, ಇದು ನಿಮ್ಮವ್ವನ ಕೈ’ ಎಂದರು.

ಲಿಂಗ ಹಿಡಿದ ಎಡಗೈ. ಅವ್ವನ ಮದುವೆಯ ಇಳಕಲ್ ಸೀರೆಯ ಸೆರಗು. ನಮ್ಮ ಸೋದರತ್ತೆ ಕಟ್ಟಿದ ಮಲ್ಲಿಗೆ ದಂಡೆ. ಕುತ್ತಿಗೆಯ ಮೇಲೆ ಮಾತ್ರ ನೀನು. ಬಿಳಿ ಬಳಿದ ನಿನ್ನ ಮುಖವನ್ನು ಕತ್ತರಿಸಿ ನನ್ನ ಅವ್ವನ ಹೆಣದ ಮೇಲೆ ಅಂಟಿಸಿದ್ದೀಯ.

ನಿಮ್ಮಪ್ಪ ನಮ್ಮ ಮನೆಯ ಅಯ್ಯನವರು, ಜಂಗಮರು. ಮಾಗಡಿ ರಸ್ತೆಯ ರುದ್ರಭೂಮಿಯಲ್ಲಿ ಅವರು ಅವ್ವನ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳುವಾಗ ನೀನು ಕ್ಯಾಮೆರಾ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕಡೆಯ ನೆನಪಿಗೊಂದು ಫೋಟೋ ಇರಲಿ ಎಂದು ಹಿರಿಯರು ಹೇಳಿ ತೆಗೆಸಿದ್ದು ಅದು. ಆಗಲೇ ಈ ಲೆಕ್ಕ ಹಾಕಿದ್ದೆಯಾ?

ಮರುದಿನದಿಂದ ಅಪ್ಪ ಛತ್ರಿ ಹಿಡಿದು ಅಂಗಡಿ ಅಂಗಡಿಗೆ ಹೋಗುತ್ತಿದ್ದಾರೆ. ರಾಜಾಜಿನಗರ ಮುಗಿಸಿ ವಿಜಯನಗರಕ್ಕೆ ಹೋಗಿದ್ದಾರೆ. ಜಗಳ ಮಾಡುವುದಿಲ್ಲ. ‘ಇದನ್ನು ಹಿಂದು ಮುಂದು ಮಾಡಿ ಇಡ್ರಪ್ಪ, ಹೆಣ್ಣುಮಗಳು’ ಎನ್ನುತ್ತಾರಂತೆ. ಕೆಲವರು ತಿರುಗಿಸಿಟ್ಟರು. ಒಂದು ಕಡೆ ಹುಡುಗರು ನಕ್ಕರು.

ನನಗೆ ಪ್ರತಿ ಯಾಕೆ ಬರಲಿಲ್ಲವೆಂದು ಈಗ ಗೊತ್ತಾಯಿತು. ಯಾರೋ ಎತ್ತಿಕೊಂಡು ಹೋದದ್ದು ನಿಜವೇ?

ಕರಿಬಸಪ್ಪ

ರಾಜಾಜಿನಗರ
19 ಡಿಸೆಂಬರ್ 1987

ಕರಿ,

ಸುಳ್ಳು ಬರೆದೆ. ನಿನ್ನ ಪ್ರತಿ ನನ್ನ ಟ್ರಂಕಿನಲ್ಲೇ ಇದೆ. ಆ ಒಂದು ಸುಳ್ಳಿಗೆ ತಪ್ಪಾಯಿತು ಎನ್ನುತ್ತೇನೆ. ಉಳಿದದ್ದಕ್ಕೆ ಇನ್ನೂ ಗೊತ್ತಿಲ್ಲ.

ಕುರ್ಚಿಯಲ್ಲಿ ಕೂತು ಮೂವತ್ತಾರು ಫೋಟೋ ತೆಗೆಸಿಕೊಂಡೆ. ಎಲ್ಲದರಲ್ಲೂ ವೇಷ ಹಾಕಿದ ಒಬ್ಬ ಹುಡುಗ ಕಾಣುತ್ತಿದ್ದ. ನೀನು ನಿಜವಾದದ್ದು ಬೇಕು ಎಂದಿದ್ದೆ. ನನ್ನ ಹತ್ತಿರ ಇದ್ದ ನಿಜ ಅದೊಂದೇ. ಅವರ ಮುಖ ತೋರಿಸಬಾರದು ಎಂದು ನನ್ನ ಮುಖ ಹಾಕಿದೆ, ಮುಚ್ಚಿದೆ ಎಂದುಕೊಂಡೆ. ಕೈ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಮೂವತ್ತು ವರ್ಷ ಜೊತೆ ಬದುಕಿದವರಿಗೆ ಕೈ ಗೊತ್ತಿರುತ್ತದೆ ಎಂಬುದು ಮದುವೆಯಾಗದ ನನ್ನ ತಲೆಗೆ ಬರಲಿಲ್ಲ.

ನಿನ್ನನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಈಗ ನೀನು ಒಂದಕ್ಕೆ ಉತ್ತರ ಕೊಡು. ಆಸ್ಪತ್ರೆಯಲ್ಲಿ ಆ ಮಧ್ಯಾಹ್ನ ನಿಮ್ಮವ್ವ ನೀಲಮ್ಮನವರ ಹತ್ತಿರ ನಾವಿಬ್ಬರೇ ಇದ್ದೆವು. ಡಾಕ್ಟರು ನೀರು ಕೊಡಬೇಡಿ ಎಂದಿದ್ದರು. ಅವರು ‘ಒಂದು ಗುಟುಕು’ ಎಂದು ಕೇಳುತ್ತಲೇ ಇದ್ದರು. ತಿಂಗಳೊಳಗೆ ನೀನು ಅದನ್ನು ಪಲ್ಲವಿ ಮಾಡಿಕೊಂಡು ಶೆಡ್ಡಿಗೆ ಬಂದೆ. ನನ್ನಿಂದ ಎಂಟು ಸಲ ಹೇಳಿಸಿದೆ. ದನಿ ಒಡೆದು ನಾನು ನಿಲ್ಲಿಸಿದಾಗ, ‘ನಿಲ್ಲಿಸಬೇಡ ಗುರು, ಹಾಗೇ ಒಡೆದು ಬರಲಿ, ಎಫೆಕ್ಟ್ ಚೆನ್ನಾಗಿದೆ’ ಎಂದವನು ಯಾರು? ಮುನಿಯಣ್ಣ ಕಡ್ಡಿ ಕೆಳಗಿಟ್ಟು ಆಚೆ ಹೋದದ್ದು ನೆನಪಿದೆಯಾ? ನೀನು ಅವರ ದನಿ ತಗೊಂಡೆ, ನಾನು ಕೈ ತಗೊಂಡೆ. ನಿಮ್ಮಪ್ಪನಿಗೆ ಕಂಡದ್ದು ನನ್ನದು ಮಾತ್ರ.

ಸ್ಟುಡಿಯೋ ಮಾಲೀಕ ದೊಡ್ಡಣ್ಣನವರು ನನ್ನನ್ನು ಕೆಲಸದಿಂದ ತೆಗೆದರು. ‘ನಂಬಿ ಹೆಣ ತೋರಿಸ್ತಾರಲ್ಲೋ ಜನ ನಮಗೆ’ ಎಂದರು. ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಾವಿನ ಮನೆಗಳಿಗೆ ಈಗ ಅವರನ್ನು ಕರೆಯುವುದು ಕಡಿಮೆಯಾಗಿದೆ. ಇದು ನಿನಗೆ ಸಮಾಧಾನವಾಗಲಿ ಎಂದು ಬರೆದೆ.

ಏಕಾಂತ

ಸಿಂಧನೂರು
2 ಜನವರಿ 1988

ಶ್ರೀ ಏಕಾಂತಯ್ಯನವರಿಗೆ,

ತಂಗಿ ಕ್ಯಾಸೆಟ್ ಕಳಿಸಿದಳು. ನೋಡಿದೆ. ಚೆನ್ನಾಗಿದೆ. ಅದಕ್ಕಿಂತ ಒಳ್ಳೆಯ ಕವರ್ ಆ ಹಾಡುಗಳಿಗೆ ಸಿಗುತ್ತಿರಲಿಲ್ಲ. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ.

ಪಲ್ಲವಿಯ ವಿಷಯಕ್ಕೆ, ಮಗನಿಗೆ ಇರುವ ಹಕ್ಕು ಬೇರೆಯವರಿಗೆ ಇರುವುದಿಲ್ಲ ಎಂದು ಮೊದಲು ಬರೆದೆ, ಆಮೇಲೆ ಹರಿದುಹಾಕಿದೆ.

ಮೂರು ಕೆಲಸ ಆಗಬೇಕು. ಕೃಷ್ಣಪ್ಪನವರಿಗೆ ಹೇಳಿ ಆ ಕವರ್ ನಿಲ್ಲಿಸಿ. ನೆಗೆಟಿವ್ ನನಗೆ ಕಳಿಸಿ. ಹಾಡುಗಳು ನನ್ನವು ಎಂಬುದು ಅಪ್ಪನಿಗೆ ತಿಳಿಯಬಾರದು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅವರು ಎದ್ದು ಓಡಾಡುತ್ತಿದ್ದಾರೆ. ನಾನೂ ಅದರಲ್ಲಿದ್ದೇನೆ ಎಂದು ಗೊತ್ತಾದರೆ ಮಲಗಿಬಿಡುತ್ತಾರೆ.

ಕರಿಬಸಪ್ಪ

ರಾಜಾಜಿನಗರ
27 ಮಾರ್ಚ್ 1988

ಕರಿಬಸಪ್ಪ,

ನಿನ್ನ ಮೂರೂ ಕೆಲಸ ಆಗಿವೆ. ನೆಗೆಟಿವ್ ಇದರೊಳಗಿದೆ. ಮುಟ್ಟುವಾಗ ಅಂಚು ಹಿಡಿ.

ನಿಮ್ಮಪ್ಪ ಹೋದ ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ನಾನು ಬಾಗಿಲಲ್ಲೇ ಇದ್ದೆ. ಹೊಡೆಯುತ್ತಾರೆ, ಹೊಡೆಸಿಕೊಂಡುಬಿಡೋಣ ಎಂದು ನಿಂತೆ. ಛತ್ರಿಯನ್ನು ಗೋಡೆಗೆ ಒರಗಿಸಿ, ಬಗ್ಗಿ ನನ್ನ ಪಾದ ಮುಟ್ಟಿದರು. ನಾನು ಹಿಂದೆ ಸರಿದೆ.

‘ನಿಲ್ರಿ ಅಯ್ಯನೋರೆ. ನೀವು ಏನ್ ಮಾಡಿದ್ರೂ ನಮಗೆ ಅಯ್ಯನೋರೇ’ ಎಂದರು. ಆ ಮಾತು ಹೊಡೆತಕ್ಕಿಂತ ಹೆಚ್ಚು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇನ್ನೂ ತಿಳಿಯುತ್ತಿಲ್ಲ.

ಕೂರಲಿಲ್ಲ. ನಿಂತೇ ಕೇಳಿದರು.

‘ಒಂದು ಕೇಳ್ತೀನಿ, ನಿಜ ಹೇಳ್ರಿ. ಈ ಫೋಟೋ ವಿಷ್ಯ ನಮ್ಮ ಕರಿಬಸಪ್ಪಗೆ ಗೊತ್ತಿತ್ತಾ?’

‘ಇಲ್ಲ. ನಾನೊಬ್ನೇ ಮಾಡಿದ್ದು.’

‘ಹಾಡು? ಹಾಡು ಯಾರವು?’

ಒಂದು ಕ್ಷಣ ತಡೆದೆ, ಕರಿ. ನೀನು ಬೇಡ ಎಂದಿದ್ದೆ ಎಂಬ ಕಾರಣಕ್ಕಲ್ಲ. ಅವರು ಆ ಪ್ರಶ್ನೆ ಕೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಅದೇನೆಂದು ನನಗೆ ಅರ್ಥವಾಗಲಿಲ್ಲ. ಆದರೂ ‘ನನ್ನವೇ. ಅವನು ಗಿಟಾರ್ ಬಾರಿಸ್ದ, ಅಷ್ಟೆ’ ಎಂದೆ.

‘ಎಲ್ಲವೂ?’

‘ಎಲ್ಲವೂ.’

ತಲೆಯಾಡಿಸಿದರು. ನಮ್ಮಮ್ಮ ತಂದ ನೀರನ್ನು ಕುಡಿದು ಲೋಟ ಕೆಳಗಿಟ್ಟು ಹೋದರು.

ಕೃಷ್ಣಪ್ಪನವರು ಎರಡನೇ ಸಲ ಹಾಕಿಸುತ್ತಿದ್ದಾರೆ. ಕವರಿನಲ್ಲಿ ಈಗ ಚಿತ್ರವಿಲ್ಲ, ಬರೀ ಕಪ್ಪು. ಒಳಗೆ ‘ಸಾಹಿತ್ಯ, ಸಂಗೀತ, ಗಾಯನ: ಏಕಾಂತಯ್ಯ’ ಎಂದು ಹಾಕಿಸಿದ್ದೇನೆ. ನಿಮ್ಮಪ್ಪನಿಗೆ ಹೇಳಿದ ಮಾತಿಗೆ ಪುರಾವೆ ಇರಬೇಕಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಬಂದು ಅವರ ಎದುರು ಹೇಳು, ತಿದ್ದಿಸುತ್ತೇನೆ. ನಾನು ತಡೆಯುವುದಿಲ್ಲ.

ಮುನಿಯಣ್ಣ ತಂಡ ಬಿಟ್ಟ. ‘ನೀವಿಬ್ರೂ ಓದಿದೋರು, ಕಾಗದ ಬರ್ಕೊಂಡು ಕೂತಿರಿ’ ಎಂದು ಹೇಳಿ ಡ್ರಮ್ಮು ಮಾರಿದ.

ಏಕಾಂತಯ್ಯ

ಸಿಂಧನೂರು
18 ಸೆಪ್ಟೆಂಬರ್ 1988

ಶ್ರೀ ಏಕಾಂತಯ್ಯನವರಿಗೆ,

ನೆಗೆಟಿವ್ ತಲುಪಿತ್ತು. ಕಾಲುವೆಗೆ ಬಿಟ್ಟೆ. ಇನ್ನು ಬರೆಯಬಾರದೆಂದು ಆರು ತಿಂಗಳು ಸುಮ್ಮನಿದ್ದೆ. ಇದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ. ಉತ್ತರ ಬೇಡ.

ನೌಕರಿ ಖಾಯಂ ಆಯಿತು. ಅಪ್ಪ ನೋಡಲು ಬಂದು ಎಂಟು ದಿನ ಇದ್ದರು. ಇವತ್ತು ಬೆಳಿಗ್ಗೆ ಅವರನ್ನು ಬಸ್ಸು ಹತ್ತಿಸಿ ಬಂದೆ.

ನಿನ್ನೆ ಊಟಕ್ಕೆ ಕೂತಿದ್ದೆವು. ‘ಪಕ್ಕದ ಮನೆಯಾಗೆ ಟೇಪ್ ರೆಕಾರ್ಡರ್ ಐತಲ್ಲ, ಇಸ್ಕೊಂಡು ಬಾ’ ಎಂದರು. ತಂದೆ. ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಕ್ಯಾಸೆಟ್ ತೆಗೆದರು. ಕವರ್ ಇರಲಿಲ್ಲ. ನಾಲ್ಕನೆಯ ಹಾಡಿಗೆ ಎಲ್ಲಿ ನಿಲ್ಲಿಸಬೇಕು ಎಂದು ಅವರಿಗೆ ಗೊತ್ತಿತ್ತು. ಎಷ್ಟು ಸಲ ಕೇಳಿದ್ದಾರೋ.

ನೀವು ಹಾಡುತ್ತಿದ್ದಿರಿ:

ಏಳನೆ ಮೆಟ್ಟಿಲಲಿ ನಿಂತು ಎಣಿಕೆ ಮರೆತಳು,
ಮರೆಯದೆಯೇ ಮರೆತಳು, ಮತ್ತೆ ಒಂದು ಎಂದಳು.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

‘ನಿಮ್ಮವ್ವಗೆ ಉಸಿರು ಸಾಲ್ತಿರ್ಲಿಲ್ಲ. ನಮಗೆ ಗೊತ್ತಾಗಬಾರದು ಅಂತ, ಮೆಟ್ಲು ಎಣಿಸ್ತಾ ಎಣಿಸ್ತಾ ಅರ್ಧಕ್ಕೆ ನಿಂತು, ಅಯ್ಯೋ ಲೆಕ್ಕ ತಪ್ತು ಅಂತಿದ್ಲು. ಎಲ್ಲಾರೂ ನಗೋರು. ಅದು ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ.’

ನಾನು ಟೇಪ್ ನಿಲ್ಲಿಸಿದೆ.

‘ಆ ಹುಡುಗ ಮಾಡಿದ್ದು ಪಾಪ. ಅದನ್ನ ನಾನು ಮರೆಯಲ್ಲ. ಆದ್ರೆ ಎರಡು ವರ್ಷ ನಮ್ಮನೆಗೆ ಬಂದು ಉಂಡು ಹೋದೋನು, ಅವಳನ್ನ ಇಷ್ಟು ನೋಡಿದಾನೆ. ನೀನು ಅವಳ ಹೊಟ್ಟೆಯಾಗೆ ಹುಟ್ಟಿದೋನು. ಮಣ್ಣು ಹಾಕೋ ದಿನ ನಿನ್ನ ಕಣ್ಣಾಗೆ ಒಂದು ಹನಿ ನೀರು ಬರ್ಲಿಲ್ಲ. ಅವತ್ತಿಂದ ಕೇಳ್ಬೇಕು ಅಂತಿದ್ದೆ, ಕೇಳ್ಲಿಲ್ಲ.’

ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಹೇಳಿದರೆ ಆಸ್ಪತ್ರೆಯ ಆ ಮಧ್ಯಾಹ್ನದ ಪಲ್ಲವಿಯೂ ನನ್ನದೇ ಆಗುತ್ತಿತ್ತು. ‘ಹಾಗೇ ಒಡೆದು ಬರಲಿ’ ಎಂದವನೂ ನಾನೇ ಆಗುತ್ತಿದ್ದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ.

ಎದ್ದು ಟೇಪ್ ರೆಕಾರ್ಡರನ್ನು ಪಕ್ಕದ ಮನೆಗೆ ಕೊಟ್ಟು ಬಂದೆ. ಅಷ್ಟರಲ್ಲಿ ಅಪ್ಪ ಕೈ ತೊಳೆದು ಕೂತಿದ್ದರು.

‘ಕೇಳಿದ್ಯಲ್ಲ. ನಿನಗೇನೂ ಅನ್ನಿಸಲ್ವೇನೋ?’ ಎಂದರು.

‘ಹಾಡು ಚೆನ್ನಾಗಿದೆ’ ಎಂದೆ.

ಕರಿಬಸಪ್ಪ